ನಮ್ಮ ವ್ಯಾನಿನ ಕಿವಿಯೋಲೆ

ಕಳೆದ ಮಳೆಗಾಲಕ್ಕೆ ಮುಂಚಿನ ಒಂದು ಆದಿತ್ಯವಾರ. ಬದಿಯಡ್ಕದಿಂದ ಕುಂಬಳೆಗೆ ಬರುವ ದಾರಿಯ ಒಂದು ತಿರುವಿನಲ್ಲಿ ನಮ್ಮ ವ್ಯಾನಿನ ಎಡಬದಿಯ ಹಿಂದಿನ ಚಕ್ರದ ವೀಲ್ ಕಪ್ಪು ಕಳಚಿ ಹಾರಿತು. ನಾವು ಮದುವೆಯ ಊಟ ಮುಗಿಸಿ ಹಿಂದಿರುಗುತ್ತಿದ್ದೆವು. ಟಣ್ ಎಂಬ ಸದ್ದು ಕೇಳಿತು. ಕನ್ನಡಿಯಲ್ಲಿ ನೋಡಿದರೆ ಬೆಳ್ಳಿಯ ತಟ್ಟೆಯೊಂದು ರಸ್ತೆಯಂಚಿನಲ್ಲಿ ನಮ್ಮ ಜತೆಗೇ ಓಡಿ ಬರುತ್ತಿತ್ತು. ಮುಂದೆ ಬಸ್ ತಂಗುದಾಣದಲ್ಲಿ ಹೆಂಗಸೊಬ್ಬರು ಐದಾರು ವರ್ಷದ ಮಗುವಿನ ಕೈ ಹಿಡಿದು ನಿಂತಿದ್ದರು. ತಟ್ಟೆ ಆ ಮಗುವಿನ ಕಾಲಿನಿಂದ ಒಂದು ಗೇಣು ಆಚೆ ಹಾದು, ಕಟ್ಟೆಗೆ ಬಡಿದು ಮಗುಚಿ ಬಿತ್ತು. ಮಗು ಚಪ್ಪಾಳೆ ತಟ್ಟಿತು. ಆಕೆ ನಮ್ಮನ್ನು ನೋಡಿದ ನೋಟವನ್ನು ಇಲ್ಲಿ ವರ್ಣಿಸುವುದು ಬೇಡ.

ಮನೆಗೆ ಬಂದ ಮೇಲೆ ಅಣ್ಣ ಹೇಳಿದ ಮಾತು ಒಂದೇ. "ಇದನ್ನು ಸರಿ ಮಾಡು, ಇಲ್ಲವೇ ಗುಜರಿಗೆ ಕೊಡು. ನಾಳೆ ಯಾರದಾದರೂ ಮಗುವಿನ ಕಾಲು ಕಡಿದರೆ ನಾನು ಊರಲ್ಲಿ ಹೇಗೆ ಮುಖ ತೋರಿಸಲಿ?" ಗುಜರಿಯವರು ಮೊದಲೇ ಎರಡು ಸಲ ಬಂದು, ತೂಕದ ಲೆಕ್ಕ ಹೇಳಿ ಹೋಗಿದ್ದರು.

ವ್ಯಾನು 1973ರ ಫೋಕ್ಸ್‌ವ್ಯಾಗನ್. ವಿದೇಶೀ ರಾಯಭಾರ ಕಚೇರಿಗಳವರು ಬಿಟ್ಟುಹೋಗುವ ವಾಹನಗಳನ್ನು ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ ಮಾರುತ್ತಿದ್ದ ಕಾಲದಲ್ಲಿ ನಮ್ಮ ದೊಡ್ಡಪ್ಪ ಅದನ್ನು ಮದರಾಸಿನಿಂದ ತಂದರು. ಹಾಲೆಂಡಿನ ಬೆನ್ ಪಾನ್ ಎಂಬ ವ್ಯಾಪಾರಿ 1947ರಲ್ಲಿ ತನ್ನ ಟಿಪ್ಪಣಿ ಪುಸ್ತಕದಲ್ಲಿ ಗೀಚಿದ ಒಂದು ಪೆಟ್ಟಿಗೆಯ ಚಿತ್ರವೇ ಈ ವಂಶದ ಮೂಲ. 1950ರಲ್ಲಿ ತಯಾರಿ ಆರಂಭವಾಯಿತು, 1956ರಲ್ಲಿ ಹ್ಯಾನೋವರಿನ ಕಾರ್ಖಾನೆಗೆ ಬಂತು, 1967ರಲ್ಲಿ ಎರಡು ಹೋಳಿನ ಗಾಜು ಹೋಗಿ ಒಂದೇ ಅಗಲ ಗಾಜಿನ ಮುಖ ಬಂತು. ಜರ್ಮನಿಯಲ್ಲಿ 1979ಕ್ಕೆ ಇದನ್ನು ನಿಲ್ಲಿಸಿದರೂ ಬ್ರೆಜಿಲಿನಲ್ಲಿ 2013ರ ವರೆಗೆ ಮಾಡುತ್ತಲೇ ಇದ್ದರು. ಇಂಜಿನು ಹಿಂದೆ, ಅದನ್ನು ತಣಿಸಲು ನೀರಲ್ಲ, ಗಾಳಿ. ನಮ್ಮ ಮನೆಯ ಮೂರು ಮದುವೆಗಳ ದಿಬ್ಬಣ, ಎರಡು ಬಾಣಂತಿಯರು, ಲೆಕ್ಕವಿಲ್ಲದಷ್ಟು ಅಡಿಕೆ ಮೂಟೆ ಅದರಲ್ಲಿ ಹೋಗಿವೆ. ತೂಕದ ಲೆಕ್ಕಕ್ಕೆ ಕೊಡುವುದು ಹೇಗೆ?

ಗ್ಯಾರೇಜಿನ ಮೇಸ್ತ್ರಿ ನಮ್ಮ ಹಳೆಯ ಪರಿಚಯದವರು, ಮಲಯಾಳಿ. ಚಕ್ರ ನೋಡಿ ನಕ್ಕು, "ಮಾಷೇ, ವಂಡಿಯುಡೆ ಕಮ್ಮಲ್ ಪೋಯಿ" ಎಂದರು. ಗಾಡಿಯ ಕಿವಿಯೋಲೆ ಹೋಯಿತಂತೆ! ಆದರೆ ಓಲೆ ಹೋಗಿರಲಿಲ್ಲ, ನಮ್ಮ ಕೈಯಲ್ಲೇ ಇತ್ತು. ಹೋಗಿದ್ದದ್ದು ಅದರ ತಿರುಪು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಈ ವ್ಯಾನಿನ ಕಪ್ಪು ಉಕ್ಕಿನ ತಗಡನ್ನು ಅಚ್ಚಿನಲ್ಲಿ ಒತ್ತಿ, ಮೇಲೆ ಕ್ರೋಮು ಹಾಕಿದ ತಟ್ಟೆ. ಅದಕ್ಕೆ ಬೋಲ್ಟು ನಟ್ಟು ಏನೂ ಇಲ್ಲ. ಚಕ್ರದ ನಡುಭಾಗದ ಉಬ್ಬಿನ ಮೇಲೆ ಸುತ್ತಲೂ ಹೆಬ್ಬೆರಳ ಉಗುರಿನಷ್ಟು ದೊಡ್ಡ ಸ್ಪ್ರಿಂಗ್ ಕ್ಲಿಪ್ಪುಗಳನ್ನು ರಿವಿಟ್ಟು ಹೊಡೆದು ಕೂರಿಸಿರುತ್ತಾರೆ. ಕಪ್ಪಿನ ಒಳಮಡಿಕೆಯ ಅಂಚು ಇವುಗಳ ಬೆನ್ನು ಹತ್ತಿ ಆಚೆ ಇಳಿದು ಕೂರುತ್ತದೆ. ಕ್ಲಿಪ್ಪುಗಳು ಒಳಗಿನಿಂದ ಹೊರಕ್ಕೆ ಒತ್ತಿ ಹಿಡಿಯುತ್ತವೆ. ಅಷ್ಟೇ ಹಿಡಿತ. ಬಿಚ್ಚಲು ವ್ಯಾನಿನ ಜತೆಗೇ ಒಂದು ತಂತಿಯ ಕೊಕ್ಕೆ ಕೊಟ್ಟಿರುತ್ತಾರೆ. ಅದನ್ನು ಕಪ್ಪಿನ ಅಂಚಿನ ಸಣ್ಣ ತೂತಿಗೆ ಸಿಕ್ಕಿಸಿ, ಚಕ್ರದ ಬೋಲ್ಟು ಬಿಚ್ಚುವ ಸರಳನ್ನು ಅದರೊಳಗೆ ತೂರಿಸಿ ಮೀಟಿದರೆ ಕಪ್ಪು ತಾನಾಗಿ ಕೈಗೆ ಬರುತ್ತದೆ. ನಮ್ಮ ಕೊಕ್ಕೆ ಯಾವ ಕಾಲದಲ್ಲಿ ಬಾವಿಯ ಕೊಡಪಾನ ತೆಗೆಯಲು ಹೋಯಿತೋ ದೇವರೇ ಬಲ್ಲ. ಆಮೇಲಿನ ನಲವತ್ತು ವರ್ಷ ಪಂಕ್ಚರ್ ಅಂಗಡಿಗಳಲ್ಲಿ ಸ್ಕ್ರೂಡ್ರೈವರ್ ಹಾಕಿ ಮೀಟಿದ್ದೇ ಮೀಟಿದ್ದು. ಪ್ರತಿ ಸಲವೂ ಒಂದು ಕ್ಲಿಪ್ಪು ಮಲಗಿತು, ಅಂಚು ಒಂದಿಷ್ಟು ನೆಗ್ಗಿತು. ಉಳಿದದ್ದನ್ನು ನಮ್ಮ ಕಡೆಯ ಮಳೆ ತಿಂದಿತು. ಕಪ್ಪು ಹಾರಿದ ಚಕ್ರದಲ್ಲಿ ಎರಡೇ ಕ್ಲಿಪ್ಪು ಉಳಿದಿದ್ದವು, ಅವೂ ಬೆರಳಲ್ಲಿ ಒತ್ತಿದರೆ ಹಿಂದೆ ಚಿಮ್ಮುತ್ತಿರಲಿಲ್ಲ.

ಮೊದಲ ಸಲಹೆ ಪಕ್ಕದ ವೆಲ್ಡಿಂಗ್ ಶಾಪಿನದು. ತಗಡಿನ ತುಂಡು ನಾಲ್ಕು ಕಡೆ ವೆಲ್ಡ್ ಮಾಡಿ ಕೊಡುತ್ತೇನೆ, ಅರ್ಧ ಗಂಟೆಯ ಕೆಲಸ, ಚಕ್ರ ಕಳಚುವುದೂ ಬೇಡ ಎಂದ ಹುಡುಗ. ಮೇಸ್ತ್ರಿ ಅವನಿಗೆ ಮಲಯಾಳದಲ್ಲಿ ಹೇಳಿದ್ದನ್ನು ಇಲ್ಲಿ ಅಚ್ಚು ಮಾಡುವಂತಿಲ್ಲ. ಆದರೆ ಕಾರಣವನ್ನು ನಮ್ಮ ಓದುಗರು, ಮುಖ್ಯವಾಗಿ ಗಾಡಿ ಇಟ್ಟುಕೊಂಡ ಮನೆಗಳವರು, ತಿಳಿದಿರಬೇಕು. ಗಾಳಿ ತುಂಬಿದ ಟೈರು ಇರುವ ಚಕ್ರಕ್ಕೆ ವೆಲ್ಡಿಂಗಿನ ಬಿಸಿ ತಾಗಿದರೆ ಒಳಗಿನ ರಬ್ಬರು ಬೆಂದು ಉರಿಯುವ ಅನಿಲ ಹುಟ್ಟುತ್ತದೆ, ಒತ್ತಡ ಏರುತ್ತದೆ, ಟೈರು ಬಾಂಬಿನಂತೆ ಸಿಡಿಯುತ್ತದೆ. ಗಾಳಿ ಬಿಟ್ಟರೂ ಸಾಲದು, ಟೈರನ್ನೇ ಕಳಚಬೇಕು. ಹೀಗೆ ಜೀವ ಹೋದ ಪ್ರಕರಣಗಳು ಲೋಕದಲ್ಲಿ ಎಷ್ಟೋ ಇವೆ. ಟೈರು ಕಳಚಿದರೂ ಚಕ್ರದ ಉಕ್ಕನ್ನು ಅಲ್ಲಲ್ಲಿ ಕಾಯಿಸುವುದು ಒಳ್ಳೆಯದಲ್ಲ. ಒಂದು ತಟ್ಟೆ ಹಾರದಿರಲೆಂದು ಚಕ್ರವನ್ನೇ ದುರ್ಬಲ ಮಾಡಿಕೊಳ್ಳುವುದು ಯಾವ ಜಾಣತನ?

ಕಾಸರಗೋಡು, ಉಪ್ಪಳ, ಮಂಗಳೂರಿನ ಬಂದರು ಎಂದು ಗುಜರಿ ಅಂಗಡಿಗಳನ್ನು ಸುತ್ತಿದೆವು. ಮ್ಯಾಟಡೋರಿನದು, ಜೀಪಿನದು, ಅಂಬಾಸಡರಿನದು ಎಲ್ಲ ಇತ್ತು. ಕೊನೆಗೆ ಜರ್ಮನಿಯಲ್ಲಿ ಓದುತ್ತಿರುವ ಭಾವನ ಮಗಳಿಗೆ ಫೋನು ಮಾಡಿದೆವು. "ಮಾವ, ಇಲ್ಲಿ ಈ ವ್ಯಾನಿಗೆ ದೇವಸ್ಥಾನ ಕಟ್ಟಲು ಮಾತ್ರ ಬಾಕಿ, ಏನು ಬೇಕಾದರೂ ಸಿಗುತ್ತದೆ" ಎಂದಳು. ಮೂರು ವಾರದಲ್ಲಿ ಪೊಟ್ಟಣ ಬಂತು. ಬಿಚ್ಚಿ ಇಟ್ಟು ನೋಡಿದರೆ ತೂತಿಗೆ ತೂತು ಕೂಡುವುದಿಲ್ಲ!

ತಪ್ಪು ನಮ್ಮದೇ ಅರ್ಧ. ವ್ಯಾನಿನ ಹೆಸರು ಹೇಳಿದ್ದೆವು, ಚಕ್ರದ ಜಾತಿ ಹೇಳಿರಲಿಲ್ಲ. 1970ರ ಆಗಸ್ಟಿನಲ್ಲಿ ಈ ವ್ಯಾನಿಗೆ ಮುಂದಿನ ಚಕ್ರಗಳಲ್ಲಿ ಡಿಸ್ಕ್ ಬ್ರೇಕು ಬಂತು. ಆಗಲೇ ಚಕ್ರವೂ ಬದಲಾಯಿತು. ಅದಕ್ಕೆ ಮುಂಚಿನದರಲ್ಲಿ ಐದು ಬೋಲ್ಟುಗಳ ವೃತ್ತದ ಅಡ್ಡಳತೆ 205 ಮಿಲಿಮೀಟರ್, ಕಪ್ಪು ಗುಮ್ಮಟದ ಆಕಾರದ್ದು. ಅನಂತರದ್ದರಲ್ಲಿ ವೃತ್ತ 112 ಮಿಲಿಮೀಟರ್, ಕಪ್ಪು ಚಪ್ಪಟೆ. ಬಂದದ್ದು ಗುಮ್ಮಟದವರ ಕ್ಲಿಪ್ಪು. ಅಂಗಡಿಯವರು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಎರಡನೆಯ ಸಲ ಚಕ್ರದ ಮೇಲೆ ಅಳತೆ ಪಟ್ಟಿ ಇಟ್ಟು ಫೋಟೋ ತೆಗೆದು, ಎರಡು ತೂತುಗಳ ಅಂತರ, ಕಪ್ಪಿನ ಒಳ ಅಡ್ಡಳತೆ ಎಲ್ಲ ಬರೆದು ಕಳಿಸಿದೆವು. ಹಳೆಯ ಗಾಡಿಯ ಸಾಮಾನು ತರಿಸುವವರು ಮೊದಲೇ ಹೀಗೆ ಮಾಡಿ, ನಮ್ಮ ಹಾಗೆ ದಂಡ ತೆರಬೇಡಿ. ಹಣ ಮೊದಲ ಪೊಟ್ಟಣಕ್ಕೇ ಹೋದ್ದರಿಂದ ಈ ಸಲ ಮೂರು ಚಕ್ರಕ್ಕೆ ಸಾಕಾಗುವಷ್ಟು ಮಾತ್ರ ತರಿಸಿದೆವು.

ನಾಲ್ಕನೆಯದಕ್ಕೆ ನಮ್ಮೂರ ಆಚಾರಿಯೇ ಗತಿಯಾದರು. ಕತ್ತಿ, ಹಾರೆ, ಅಡಿಕೆ ಸುಲಿಯುವ ಕತ್ತಿ ಮಾಡುವ ಕುಲುಮೆ. ಈಗ ವಾರಕ್ಕೆ ಎರಡು ದಿನ ಊದಿದರೆ ಹೆಚ್ಚು. ಒಂದು ಜರ್ಮನ್ ಕ್ಲಿಪ್ಪನ್ನು ಕೈಯಲ್ಲಿ ಹಿಡಿದು, ಉಗುರಿನಲ್ಲಿ ಮೀಟಿ, ಕಿವಿಯ ಹತ್ತಿರ ತಂದು ಕೇಳಿ, "ಮಾಸ್ಟ್ರೇ, ಹಾಳಾದ ಗೋಡೆ ಗಡಿಯಾರ ಉಂಟಾ?" ಎಂದರು. ಅಟ್ಟದಲ್ಲಿ ಇತ್ತು. ಅದರ ಚಾವಿಯ ಸುರುಳಿ ಪಟ್ಟಿಯನ್ನು ತೆಗೆದು ಕೊಟ್ಟೆವು. ಆ ಪಟ್ಟಿಗೆ ತೂತು ಹೊಡೆಯಲು ಹೋದರೆ ಡ್ರಿಲ್ಲಿನ ಮೂಗೇ ಹೋಗುತ್ತದೆ, ಬಗ್ಗಿಸಿದರೆ ಪಟಕ್ಕನೆ ಮುರಿಯುತ್ತದೆ. ಆಚಾರಿ ಅದನ್ನು ಕೆಂಪಗೆ ಕಾಯಿಸಿ ಬೂದಿಯೊಳಗೆ ಹುಗಿದು ಇಡೀ ರಾತ್ರಿ ಆರಲು ಬಿಟ್ಟರು. ಬೆಳಗ್ಗೆ ಅದು ತಗಡಿನಂತೆ ಮೆತ್ತಗಾಗಿತ್ತು. ತುಂಡು ಮಾಡಿ, ತೂತು ಹೊಡೆದು, ಮಾದರಿಯ ಬೆನ್ನಿಗೆ ಸರಿಯಾಗಿ ಬಗ್ಗಿಸಿ, ಅಂಚುಗಳನ್ನು ಅರದಿಂದ ಉಜ್ಜಿದರು. ಪುನಃ ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದರು. ಈಗ ಅದು ಗಾಜಿನಷ್ಟು ಗಡಸು, ಗಾಜಿನಷ್ಟೇ ಬೇಗ ಒಡೆಯುವಂಥದು. ಕೊನೆಯ ಕೆಲಸ ಹದ. ಉಜ್ಜಿ ಬಿಳಿ ಮಾಡಿದ ಕ್ಲಿಪ್ಪನ್ನು ಕಬ್ಬಿಣದ ಹಂಚಿನ ಮೇಲಿಟ್ಟು ಮೆಲ್ಲಗೆ ಕಾಯಿಸಿದಾಗ ಮೊದಲು ಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, ಆಮೇಲೆ ನೀಲಿ ಓಡಿ ಬಂತು. ನೀಲಿ ಬಂದ ಕ್ಷಣ ಇಕ್ಕಳದಿಂದ ಎತ್ತಿದರು. ಅದು ಸುಮಾರು 300 ಡಿಗ್ರಿ ಶಾಖದ ಬಣ್ಣ. ಸ್ಪ್ರಿಂಗಿಗೆ ಬೇಕಾದ ಹದ ಅಲ್ಲಿಯೇ. ಆಚಾರಿಯವರ ಕುಲುಮೆಯಲ್ಲಿ ಶಾಖಮಾಪಕವಿಲ್ಲ. "ಕತ್ತಿಗೆ ಹಳದಿ, ಇದಕ್ಕೆ ನೀಲಿ" ಎಂದಷ್ಟೇ ಹೇಳಿದರು. ಎರಡು ಕ್ಲಿಪ್ಪು ಬಣ್ಣ ದಾಟಿ ಹೋದವು, ಅವನ್ನು ಬದಿಗೆ ಎಸೆದರು. ಕೂಲಿ ಕೇಳಿದರೆ ಚಹಾ ಸಾಕು ಎಂದರು, ಒತ್ತಾಯಿಸಿ ಕೊಡಬೇಕಾಯಿತು.

ಕೂರಿಸುವ ಕೆಲಸ ಒಂದು ದಿನದ್ದು. ಚಕ್ರಗಳನ್ನು ಕಳಚಿ, ಹಳೆಯ ರಿವಿಟ್ಟುಗಳ ತಲೆಯನ್ನು ಡ್ರಿಲ್ಲಿನಿಂದ ತೆಗೆದು, ತಂತಿ ಬ್ರಷ್ಷಿನಿಂದ ತುಕ್ಕು ಉಜ್ಜಿ, ತುಕ್ಕು ತಡೆಯುವ ಪ್ರೈಮರು ಬಳಿದೆವು. ಒಂದು ಚಕ್ರದ ಕ್ಲಿಪ್ಪುಗಳನ್ನೆಲ್ಲ ಮೊದಲು ಸಣ್ಣ ಬೋಲ್ಟು ಹಾಕಿ ಸಡಿಲವಾಗಿ ನಿಲ್ಲಿಸಿ, ಕಪ್ಪು ಹಿಡಿಯುತ್ತದೆಯೇ ಎಂದು ನೋಡಿ, ಆಮೇಲೆ ಉಕ್ಕಿನ ರಿವಿಟ್ಟು ಹೊಡೆದೆವು. ಇಲ್ಲಿ ಮೇಸ್ತ್ರಿ ಒಂದು ವಿಷಯದಲ್ಲಿ ಬಿಗಿಯಾಗಿದ್ದರು. ಚಕ್ರವು ಹಬ್ಬಿಗೆ ಅಂಟಿ ಕೂರುವ ಮುಖದಲ್ಲಿ ರಿವಿಟ್ಟಿನ ಬಾಲವಾಗಲಿ, ದಪ್ಪ ಪೈಂಟಾಗಲಿ ಇರಕೂಡದು. ನಡುವೆ ಏನಾದರೂ ಸಿಕ್ಕಿಕೊಂಡರೆ ಈಗ ಬಿಗಿಯಾದ ಬೋಲ್ಟು ನಾಲ್ಕು ದಿನದಲ್ಲಿ ಸಡಿಲಾಗುತ್ತದೆ, ಆಗ ಹಾರುವುದು ಕಪ್ಪಲ್ಲ, ಚಕ್ರ. ಬೋಲ್ಟುಗಳನ್ನು ಒಂದು ಬಿಟ್ಟು ಒಂದರಂತೆ ಎದುರುಬದುರಾಗಿ ಬಿಗಿದು, ನೂರು ಕಿಲೋಮೀಟರ್ ಓಡಿಸಿ ಪುನಃ ಬಿಗಿ ನೋಡಿದೆವು.

ಕಪ್ಪು ಹಾಕುವಾಗ ಸುತ್ತಿಗೆ ಮುಟ್ಟಬಾರದು. ಕೆಳಗಿನ ಅಂಚನ್ನು ಎರಡು ಕ್ಲಿಪ್ಪಿಗೆ ಹತ್ತಿಸಿ, ಎದುರು ಬದಿಗೆ ಅಂಗೈಯಿಂದ ಒಂದು ಗುದ್ದು. ಟಪ್ ಎಂದು ಕೂರುತ್ತದೆ. ಕೂರದಿದ್ದರೆ ಯಾವುದೋ ಕ್ಲಿಪ್ಪು ಹೊರಗೆ ಚಾಚಿದೆ ಎಂದರ್ಥ; ಕಪ್ಪಿನ ನಡುವಿಗೆ ಹೊಡೆದರೆ ಗುಳಿ ಬೀಳುವುದಷ್ಟೇ ಲಾಭ. ಆಚಾರಿಯವರ ಕ್ಲಿಪ್ಪುಗಳಲ್ಲಿ ಒಂದನ್ನು ಮಾತ್ರ ಕೂದಲೆಳೆಯಷ್ಟು ಅರದಿಂದ ಉಜ್ಜಬೇಕಾಯಿತು. ಕಳೆದುಹೋದ ಕೊಕ್ಕೆಯ ಬದಲಿಗೆ ದಪ್ಪ ತಂತಿಯಲ್ಲಿ ಹೊಸತೊಂದನ್ನೂ ಅವರೇ ಬಗ್ಗಿಸಿ ಕೊಟ್ಟಿದ್ದರು.

ಇದರ ನಡುವೆ ನಿರೀಕ್ಷಿಸದ ಒಂದು ಲಾಭವೂ ಆಯಿತು. ಈ ವ್ಯಾನಿನಲ್ಲಿ ಸ್ಪೀಡೋಮೀಟರಿನ ಕೇಬಲ್ಲು ಗೇರ್‌ಬಾಕ್ಸಿನಿಂದ ಬರುವುದಲ್ಲ. ಎಡಬದಿಯ ಮುಂದಿನ ಚಕ್ರದ ಅಚ್ಚಿನ ಒಳಗಿನಿಂದ ಹಾದು, ನಡುವಿನ ಗ್ರೀಸ್ ಕಪ್ಪಿನ ಚೌಕ ತೂತಿನಲ್ಲಿ ಅದರ ತುದಿ ಹೊರಗೆ ಇಣುಕುತ್ತದೆ. ಒಂದು ಪುಟ್ಟ ಪಿನ್ನು ಅದನ್ನು ಹಿಡಿದಿರುತ್ತದೆ. ಚಕ್ರ ತಿರುಗಿದರೆ ಕೇಬಲ್ಲು ತಿರುಗಬೇಕು. ನಮ್ಮ ಮುಳ್ಳು ಹನ್ನೆರಡು ವರ್ಷದಿಂದ ಸೊನ್ನೆಯಲ್ಲೇ ಮಲಗಿತ್ತು, ಮೀಟರೇ ಸತ್ತಿದೆ ಎಂದು ಬಿಟ್ಟಿದ್ದೆವು. ಸಡಿಲ ವೀಲ್ ಕಪ್ಪಿನ ಒಳಗೆ ತುಂಬಿದ್ದ ಕೆಂಪು ಮಣ್ಣು ಒರೆಸಿದರೆ ಪಿನ್ನೇ ಇಲ್ಲ. ಗ್ಯಾರೇಜಿನ ಡಬ್ಬಿಯಿಂದ ಒಂದು ಪಿನ್ನು ತೆಗೆದು ಸಿಕ್ಕಿಸಿದ್ದೇ ತಡ, ಮುಳ್ಳು ಎದ್ದು ನಿಂತಿತು. ಅಣ್ಣನಿಗೆ ಕಪ್ಪಿಗಿಂತ ಇದರಿಂದ ಹೆಚ್ಚು ಸಂತೋಷವಾಯಿತು. ತಾನು ಎಂದೂ ನಲವತ್ತು ದಾಟುವುದಿಲ್ಲ ಎಂದು ಹೇಳಿಕೊಳ್ಳುತ್ತಿದ್ದವರು ಐವತ್ತೈದರಲ್ಲಿ ಹೋಗುತ್ತಿದ್ದುದೂ ಅಂದೇ ಗೊತ್ತಾಯಿತು.

ಪ್ಲಾಸ್ಟಿಕ್ ಕಪ್ಪಿನ ಈಚಿನ ವ್ಯಾನುಗಳವರಿಗೆ ಒಂದು ಮಾತು. ಅವುಗಳಲ್ಲಿ ಹಿಡಿಯುವುದು ಪ್ಲಾಸ್ಟಿಕ್ ಬೆರಳುಗಳು, ಅನೇಕವುಗಳಲ್ಲಿ ಅವನ್ನು ಹೊರಕ್ಕೆ ಒತ್ತುವ ಒಂದು ತಂತಿಯ ಬಳೆಯೂ ಇರುತ್ತದೆ. ಬಳೆ ಮಾತ್ರ ಹೋಗಿದ್ದರೆ ಬೇರೆ ಹಾಕಬಹುದು, ಬೆರಳು ಮುರಿದರೆ ಹೊಸ ಕಪ್ಪೇ ಬೇಕು. ಅಂಟು ಹಾಕಿ ಕೂರಿಸುವವರಿದ್ದಾರೆ. ಮುಂದೆ ಬೇರಿಂಗ್ ಸದ್ದು ಮಾಡಿದ ದಿನ ಅದನ್ನು ಒಡೆದೇ ತೆಗೆಯಬೇಕಾಗುತ್ತದೆ.

ಈಗ ಒಂದು ಮಳೆಗಾಲ ಕಳೆದಿದೆ. ಜರ್ಮನ್ ಕ್ಲಿಪ್ಪುಗಳಲ್ಲಿ ಒಂದೆರಡಕ್ಕೆ ತೆಳುವಾದ ತುಕ್ಕು ಬಂದಿದೆ, ಹಿಡಿತಕ್ಕೆ ಕೊರತೆಯಿಲ್ಲ. ಆಚಾರಿಯವರ ಚಕ್ರವನ್ನು ನಾವು ಬೇಕೆಂದೇ ಎಡಬದಿಯ ಹಿಂದೆ, ಮೊದಲು ಹಾರಿದ ಜಾಗದಲ್ಲೇ ಹಾಕಿದ್ದೇವೆ. ಕಳೆದ ವಾರ ಗಾಳಿ ಹಾಕಿಸಲು ಹೋದಾಗ ಪಂಕ್ಚರ್ ಅಂಗಡಿಯ ಹುಡುಗ ಸ್ಕ್ರೂಡ್ರೈವರ್ ಹಿಡಿದು ಬಂದ. ನಾವು ಸೀಟಿನ ಕೆಳಗಿನಿಂದ ಕೊಕ್ಕೆ ತೆಗೆದು ಅವನ ಕೈಗೆ ಕೊಟ್ಟೆವು.