ಗಣಕದ ತೆರೆಯ ಮೇಲೆ ಕೂರಿಗೆ

ದೇವದುರ್ಗ, ಮಾನ್ವಿ ತಾಲ್ಲೂಕುಗಳ ಕಪ್ಪು ನೆಲದಲ್ಲಿ ಬಿತ್ತನೆ ನಡೆಯುವುದನ್ನು ನೀವು ನೋಡಿರಬಹುದು. ಕಾಲುವೆ ನೀರು ಬಂದ ಕಡೆ ಭತ್ತ ಹಬ್ಬಿದೆ. ಒಣಭೂಮಿಯಲ್ಲಿ ಜೋಳ, ತೊಗರಿ, ಕಡಲೆ ಬಿತ್ತಲು ಕೂರಿಗೆ ಬೇಕು. ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್ ಬಂದಿದ್ದರೂ ತತ್ತ್ವ ಒಂದೇ: ಬೀಜ ಮೇಲಿನಿಂದ ಕೊಳವೆಯಲ್ಲಿ ಜಾರಿ, ತಾಳು ಸೀಳಿದ ಮಣ್ಣಿಗೆ ಬೀಳುತ್ತದೆ.

ಜೋಳದ ಸಾಲುಗಳ ನಡುವೆ 45 ಸೆಂ.ಮೀ., ತೊಗರಿಗೆ 90 ಸೆಂ.ಮೀ. ಅಂತರ ಎಂದಿಟ್ಟುಕೊಳ್ಳಿ. ಮನೆಯಲ್ಲಿರುವ ಮೂರು ತಾಳಿನ ಜೋಳದ ಕೂರಿಗೆಯನ್ನು ತೊಗರಿಗೆ ಹೊಂದಿಸಬೇಕು. ಬಡಿಗರು ಮರಕ್ಕೆ ಉಳಿ ಹಾಕುವ ಮುನ್ನ ಇದನ್ನು ಗಣಕದಲ್ಲಿ ಮಾಡಿ ನೋಡಬಹುದು. ರಾಯಚೂರು ನಗರದಲ್ಲಿ ಕೃಷಿ ಇಂಜಿನಿಯರಿಂಗ್ ಕಾಲೇಜೇ ಇದೆ, ನಿಜ. ಆದರೆ ಫ್ರೀಕ್ಯಾಡ್‌ನಂಥ ಉಚಿತ ತಂತ್ರಾಂಶವಿದ್ದರೆ ಪ್ರೌಢಶಾಲೆಯಲ್ಲೂ ಇದು ಸಾಧ್ಯ.

ಇರುವ ವಸ್ತುವನ್ನು ಗಣಕಕ್ಕೆ ತರಲು ಎರಡು ದಾರಿಗಳಿವೆ. ಸುತ್ತಲಿಂದ ಹತ್ತಾರು ಚಿತ್ರ ತೆಗೆದು, ಅವುಗಳಿಂದ ಮೇಲ್ಮೈಯನ್ನು ಸಾವಿರಾರು ತ್ರಿಕೋನಗಳ ಬಲೆಯಾಗಿ ಕಟ್ಟುವುದು ಒಂದು. ಶಿಲ್ಪಕ್ಕೆ ಇದು ಸರಿ. ಕೂರಿಗೆಗೆ ಅಳತೆ ಪಟ್ಟಿಯೇ ಸಾಕು. ದಿಂಡಿನ ಉದ್ದ, ದಪ್ಪ, ತಾಳುಗಳ ಅಂತರ, ಬಟ್ಟಲಿನ ಎತ್ತರ ಇವನ್ನು ಸಂಖ್ಯೆಗಳಾಗಿ ಕೊಟ್ಟು, ಅವುಗಳ ನಡುವಿನ ಸಂಬಂಧವನ್ನೂ ತಿಳಿಸಿದರೆ ಪ್ಯಾರಾಮೆಟ್ರಿಕ್ ಮಾದರಿ ಸಿದ್ಧ. ಈಗ 45ನ್ನು ಅಳಿಸಿ 90 ಎಂದು ಬರೆಯಿರಿ. ದಿಂಡು ತಾನೇ ಉದ್ದವಾಗುತ್ತದೆ, ಕೊಳವೆಗಳು ತಾವೇ ವಾಲಿಕೊಳ್ಳುತ್ತವೆ. ನೋಡಲು ಅಂದವಾಗಿಯೇ ಇರುತ್ತದೆ. ಮೋಸವಿರುವುದು ಇಲ್ಲೇ.

ಬಟ್ಟಲಿನ ತಳ ತಾಳಿನ ಬಾಯಿಗಿಂತ 75 ಸೆಂ.ಮೀ. ಮೇಲಿದೆ ಎನ್ನೋಣ. ಹಿಂದೆ ಅಂಚಿನ ಕೊಳವೆ ನೆಲದೊಂದಿಗೆ ಸುಮಾರು 59 ಡಿಗ್ರಿ ಕೋನದಲ್ಲಿತ್ತು, ಉದ್ದ 87 ಸೆಂ.ಮೀ. ಈಗ ಕೋನ 40 ಡಿಗ್ರಿ, ಉದ್ದ 117 ಸೆಂ.ಮೀ. ಇಳಿಜಾರು ತಗ್ಗಿದಷ್ಟೂ ಬೀಜವನ್ನು ಕೆಳಕ್ಕೆಳೆಯುವ ಬಲ ಕಡಿಮೆ, ತಡೆಯುವ ಘರ್ಷಣೆ ಹೆಚ್ಚು. ಬಿದಿರಿನ ಒಳಗಿನ ಗಂಟಿಗೆ ಔಷಧ ಲೇಪಿಸಿದ ಬೀಜ ಸಿಕ್ಕಿಕೊಂಡರೆ ಸಾಲಿನಲ್ಲಿ ಖಾಲಿ ಜಾಗ ಬೀಳುತ್ತದೆ. ಅದು ತಿಳಿಯುವುದು ಮೊಳಕೆ ಬಂದ ಮೇಲೆ. ಅಷ್ಟರಲ್ಲಿ ನೆಲದ ಹಸಿ ಆರಿರುತ್ತದೆ.

ಬಟ್ಟಲನ್ನೇ ಎತ್ತರಿಸಬಹುದಲ್ಲ? ಹಳೆಯ ಕೋನ ಉಳಿಯಲು 150 ಸೆಂ.ಮೀ. ಬೇಕು. ಕೂರಿಗೆಯ ಹಿಂದೆ ನಡೆಯುತ್ತ ಕೈಯಲ್ಲಿ ಬೀಜ ಬಿಡುವ ಹೆಣ್ಣುಮಗಳಿಗೆ ಅದು ಎಟಕೀತೇ? ಇನ್ನು ದಿಂಡು. ನಡುವಿನಿಂದ ಅಂಚಿನ ತಾಳಿಗಿದ್ದ ದೂರ ಎರಡು ಪಟ್ಟಾದರೆ, ಅದೇ ಬಲಕ್ಕೆ ಅದು ಬಾಗುವುದು ಎಂಟು ಪಟ್ಟು. ಹಾಗೆಂದು ಕೂರಿಗೆಯ ಎಲ್ಲ ಅಳತೆಗಳನ್ನೂ ಎರಡು ಪಟ್ಟು ಮಾಡಿದರೆ ತೂಕವೂ ಎಂಟು ಪಟ್ಟು. ಎತ್ತುಗಳನ್ನು ಕೇಳಬೇಕು!

ತಂತ್ರಾಂಶಕ್ಕೆ ರೇಖಾಗಣಿತ ಗೊತ್ತು. ಕೈಯ ಎಟುಕು, ಮರದ ಬಲ, ಬೀಜದ ನುಣುಪು ಗೊತ್ತಿಲ್ಲ. ಅವನ್ನು ಮಿತಿಗಳಾಗಿ ನೀವೇ ಬರೆದುಕೊಡಬೇಕು. ಬರೆದ ಮೇಲೆ ಬೇರೆಯೇ ಉಪಾಯ ಕಾಣುತ್ತದೆ: ದಿಂಡನ್ನು ಹಾಗೇ ಬಿಟ್ಟು ನಡುವಿನ ತಾಳನ್ನು ತೆಗೆದು, ಬಟ್ಟಲಿನ ಆ ತೂತನ್ನು ಮುಚ್ಚಿಬಿಡಿ. ಅಂಚಿನ ತಾಳುಗಳ ನಡುವೆ 90 ಸೆಂ.ಮೀ. ಇದ್ದೇ ಇದೆ! ಕೋನವೂ ಬದಲಾಗಿಲ್ಲ. ಒಮ್ಮೆಗೆ ಮೂರರ ಬದಲು ಎರಡೇ ಸಾಲು ಎಂಬುದು ನಷ್ಟ. ಮೂರು ತಾಳಿನ ಅಗಲ ಕೂರಿಗೆ ಒಂದು ದಿನದಲ್ಲಿ ಮುಗಿಸುವ ಹೊಲಕ್ಕೆ ಒಂದೂವರೆ ದಿನ ಹಿಡಿದೀತು.

ತರಗತಿಯಲ್ಲಿ ಹೀಗೆ ಮಾಡಿ: ಒಂದು ಬಿದಿರಿನ ಕೊಳವೆಯನ್ನು 59, 40, 30 ಡಿಗ್ರಿಗಳಲ್ಲಿ ಕಟ್ಟಿ, ತೊಗರಿ ಮತ್ತು ಜೋಳದ ಕಾಳುಗಳನ್ನು ಒಂದೊಂದು ಹಿಡಿ ಬಿಡಿ. ಯಾವ ಕೋನದಲ್ಲಿ ಎಷ್ಟು ಕಾಳು ಒಳಗೇ ಉಳಿಯಿತು ಎಂದು ಮಕ್ಕಳಿಂದ ಎಣಿಸಿ, ಆ ಕೋನವನ್ನು ನಿಮ್ಮ ಮಾದರಿಗೆ ಮಿತಿಯಾಗಿ ಕೊಡಿ.