ಚುಕ್ಕಿಗೆ ಹೆಸರಿಡಿ, ಆದ್ರೆ ಅಂಟಿಸಬೇಡಿ!

ನಾನು ಕೆಲಸ ಮಾಡುವ ಸ್ವಯಂಸೇವಾ ಸಂಸ್ಥೆಯಲ್ಲಿ ಅವತ್ತು ದೊಡ್ಡ ಮೀಟಿಂಗ್. ಓದುವ ಕೇಂದ್ರಗಳನ್ನು ಮೊದಲು ಯಾವ ಜಿಲ್ಲೆಯಲ್ಲಿ ತೆರೆಯಬೇಕು ಅನ್ನೋದು ತೀರ್ಮಾನ ಆಗಬೇಕಿತ್ತು. 2011ರ ಜನಗಣತಿಯ ಅಂಕಿ ಹಿಡಿದು ಪವರ್‌ಪಾಯಿಂಟ್‌ನಲ್ಲಿ ಸ್ಕ್ಯಾಟರ್ ಚಾರ್ಟ್ ಮಾಡಿದ್ದೆ. ಅಡ್ಡ ಗೆರೆಯಲ್ಲಿ ಸಾಕ್ಷರತೆ, ನೇರ ಗೆರೆಯಲ್ಲಿ ಸಾವಿರ ಗಂಡಸರಿಗೆ ಎಷ್ಟು ಹೆಂಗಸರು ಅನ್ನೋ ಲೆಕ್ಕ. ಆಗಿನ 30 ಜಿಲ್ಲೆಗೆ 30 ಚುಕ್ಕಿ.

ಚುಕ್ಕಿಗಳೇನೋ ಬಂದವು, ಯಾವುದು ಯಾವ ಜಿಲ್ಲೆ? ಡೇಟಾ ಲೇಬಲ್ ಹಾಕಿದ್ರೆ ಹೆಸರಿನ ಬದಲು ಬರೀ ಅಂಕಿ ಬಂತು. ರಾತ್ರಿ ಹನ್ನೊಂದೂವರೆ. ಸರಿ ಅಂತ ಒಂದೊಂದೇ ಟೆಕ್ಸ್ಟ್ ಬಾಕ್ಸ್ ಎಳೆದು, ಹೆಸರು ಟೈಪ್ ಮಾಡಿ, ಚುಕ್ಕಿ ಪಕ್ಕ ಅಂಟಿಸಿ ಮಲಗಿದೆ.

ಬೆಳಗ್ಗೆ ನೋಡಿದ್ರೆ ಚಾರ್ಟ್‌ನ ಎಡಭಾಗ ಪೂರ್ತಿ ಖಾಲಿ. ಅಡ್ಡ ಗೆರೆಯನ್ನು ಸೊನ್ನೆಯ ಬದಲು 50ರಿಂದ ಶುರು ಮಾಡಿದೆ. ಚುಕ್ಕಿಗಳೆಲ್ಲ ಹರಡಿಕೊಂಡವು, ಚೆಂದ ಕಾಣಿಸ್ತು. ಹೆಸರುಗಳು ಮಾತ್ರ ರಾತ್ರಿ ಇದ್ದ ಜಾಗದಲ್ಲೇ ಕೂತಿದ್ದವು. ಅವಸರದಲ್ಲಿ ನಾನು ಗಮನಿಸಲೇ ಇಲ್ಲ.

ಮೀಟಿಂಗ್‌ನಲ್ಲಿ ಮುಖ್ಯಸ್ಥರು, “ಯಾದಗಿರಿ 75ರ ಹತ್ರ ಇದೆಯಲ್ಲಮ್ಮ, ಅಲ್ಲಿಗೆ ಆಮೇಲೆ ಹೋದ್ರಾಯ್ತು” ಅಂದ್ರು. ಹಿಂದಿನ ಸಾಲಿನಲ್ಲಿದ್ದ ಯಾದಗಿರಿಯ ಸಹೋದ್ಯೋಗಿ ಮೆಲ್ಲಗೆ ಎದ್ದು ನಿಂತ್ರು: “ಸರ್, ಅದು ನಮ್ಮ ಜಿಲ್ಲಾ ಅಲ್ರೀ.” ನಿಜ. ಯಾದಗಿರಿಯ ಸಾಕ್ಷರತೆ 51.83, ರಾಜ್ಯದಲ್ಲೇ ಕಡಿಮೆ. ನನ್ನ ಹೆಸರಿನ ಚೀಟಿ ಕೂತಿದ್ದು 75.12 ಇದ್ದ ಗದಗದ ಚುಕ್ಕಿ ಪಕ್ಕ! ಅವರು ಬಾಯಿ ಬಿಡದಿದ್ರೆ, ಎಲ್ಲರಿಗಿಂತ ಮೊದಲು ಕೇಂದ್ರ ಬೇಕಿದ್ದ ಜಿಲ್ಲೆಯೇ ಪಟ್ಟಿಯ ಕೊನೆಗೆ ಹೋಗ್ತಿತ್ತು.

ಹಾಗಾದ್ರೆ ಸರಿಯಾದ ದಾರಿ ಯಾವುದು?

ಪವರ್‌ಪಾಯಿಂಟ್ 2013ರಿಂದಲೇ ಇದಕ್ಕೆ ಸೌಲಭ್ಯ ಇದೆ. ನನಗೆ ಗೊತ್ತಿರಲಿಲ್ಲ, ಅಷ್ಟೆ.

1. ಚಾರ್ಟ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಎಡಿಟ್ ಡೇಟಾ’ ಒತ್ತಿ. ಅಂಕಿಗಳ ಪಕ್ಕ ಒಂದು ಕಾಲಂ ಖಾಲಿ ಬಿಟ್ಟು, ಅದರಾಚೆ ಹೆಸರು ತುಂಬಿ. ತೀರಾ ಪಕ್ಕದಲ್ಲೇ ಬರೆದರೆ ಅದನ್ನೂ ಚಾರ್ಟ್‌ಗೆ ಸೇರಿಸಿಕೊಂಡುಬಿಡಬಹುದು.
2. ಚಾರ್ಟ್ ಪಕ್ಕದ ಪ್ಲಸ್ ಗುರುತು ಒತ್ತಿ, ‘ಡೇಟಾ ಲೇಬಲ್ಸ್’, ಆಮೇಲೆ ‘ಮೋರ್ ಆಪ್ಷನ್ಸ್’.
3. ‘ವ್ಯಾಲ್ಯೂ ಫ್ರಮ್ ಸೆಲ್ಸ್’ ಟಿಕ್ ಮಾಡಿ, ಹೆಸರುಗಳನ್ನು ಆಯ್ಕೆ ಮಾಡಿ. ಮೇಲಿನ ತಲೆಬರಹ ಸೇರಿಸಬೇಡಿ, ಸೇರಿಸಿದ್ರೆ ಎಲ್ಲ ಹೆಸರೂ ಒಂದೊಂದು ಚುಕ್ಕಿ ಮುಂದಕ್ಕೆ ಜಾರುತ್ತೆ.
4. ‘ವೈ ವ್ಯಾಲ್ಯೂ’ ಟಿಕ್ ತೆಗೆಯಿರಿ. ಈಗ ಬರೀ ಹೆಸರು ಉಳಿಯುತ್ತೆ.

ಇನ್ನು ಅಂಕಿ ಬದಲಾದ್ರೂ, ಗೆರೆ ಬದಲಾದ್ರೂ ಹೆಸರು ಚುಕ್ಕಿಯ ಜೊತೆಗೇ ಹೋಗುತ್ತೆ. ಶೀಟ್‌ನಲ್ಲಿ ಸಾಲುಗಳನ್ನು ಸಾರ್ಟ್ ಮಾಡುವಾಗ ಮಾತ್ರ ಹೆಸರಿನ ಕಾಲಂ ಕೂಡ ಸೇರಿದೆಯಾ ನೋಡಿಕೊಳ್ಳಿ. 2010ರ ಆವೃತ್ತಿಯಲ್ಲಿ ತೆರೆದರೆ ಹೆಸರಿನ ಜಾಗದಲ್ಲಿ ‘ಸೆಲ್‌ರೇಂಜ್’ ಅನ್ನೋ ಪದ ಕಾಣುತ್ತೆ. ಬೇರೆಯವರ ಹಳೇ ಕಂಪ್ಯೂಟರ್‌ನಲ್ಲಿ ತೋರಿಸಬೇಕಿದ್ರೆ ಪಿಡಿಎಫ್ ಕೂಡ ಇಟ್ಟುಕೊಳ್ಳಿ.

ಎಲ್ಲಕ್ಕೂ ಹೆಸರು ಬೇಕಾ?

ಬೇಡ. 30 ಹೆಸರು ಒಂದರ ಮೇಲೊಂದು ಬಿದ್ದರೆ ಸಂತೆಯೇ. ಒಂದು ಲೇಬಲ್ ಮೇಲೆ ಎರಡು ಸಲ ನಿಧಾನಕ್ಕೆ ಕ್ಲಿಕ್ ಮಾಡಿದ್ರೆ ಅದೊಂದೇ ಆಯ್ಕೆ ಆಗುತ್ತೆ. ಬೇಡದ್ದನ್ನು ಅಳಿಸಿ, ಬೇಕಾದ್ದನ್ನು ಸ್ವಲ್ಪ ಸರಿಸಿ. ಕಥೆ ಹೇಳುವ ಚುಕ್ಕಿಗಳಿಗೆ ಹೆಸರಿದ್ದರೆ ಸಾಕು. ನನ್ನ ಚಾರ್ಟ್‌ನಲ್ಲಿ ಉಡುಪಿ ಮತ್ತು ಬೆಂಗಳೂರು ನಗರ ಹಾಗಿದ್ದವು. ಸಾಕ್ಷರತೆ 86.24 ಮತ್ತು 87.67, ಹೆಚ್ಚುಕಡಿಮೆ ಒಂದೇ. ಆದ್ರೆ ಸಾವಿರ ಗಂಡಸರಿಗೆ ಉಡುಪಿಯಲ್ಲಿ 1094 ಹೆಂಗಸರು, ಬೆಂಗಳೂರಿನಲ್ಲಿ 916. ಒಂದು ಚುಕ್ಕಿ ಮೇಲೆ, ಇನ್ನೊಂದು ಕೆಳಗೆ. ಹೆಸರಿಲ್ಲದಿದ್ರೆ ಅವು ಬರೀ ಎರಡು ಚುಕ್ಕಿ, ಹೆಸರು ಬಂದ ಕೂಡಲೇ “ಯಾಕೆ ಹೀಗೆ?” ಅಂತ ಮೀಟಿಂಗ್‌ನಲ್ಲಿ ಮಾತು ಶುರುವಾಗುತ್ತೆ.

ಅವತ್ತು ಸಂಜೆ ಆ ಸಹೋದ್ಯೋಗಿಗೆ ಕಾಫಿ ಕೊಡಿಸಿ, ಲ್ಯಾಪ್‌ಟಾಪ್ ತೆರೆದು ಹೊಸ ಚಾರ್ಟ್ ತೋರಿಸಿದೆ. ಅವರು ಬೆರಳಿಟ್ಟು ಮೊದಲು ಹುಡುಕಿದ್ದು ಯಾದಗಿರಿಯನ್ನೇ. “ಈಗ ಸರಿ ಕೂತದ ನೋಡ್ರಿ” ಅಂದ್ರು.

ನಿಮ್ಮ ಆಫೀಸಿನಲ್ಲೂ ಚಾರ್ಟ್ ಹೀಗೆ ಕೈಕೊಟ್ಟಿದ್ದುಂಟಾ? ನಮಗೆ ಬರೆದು ಕಳಿಸಿ.