ಮುಗುಳ್ನಗೆಯ ‘ಮುಗುಳ್’ ಯಾವುದು?

ಪ್ರಶ್ನೆ: ಸಣ್ಣಗೆ ನಕ್ಕರೆ ‘ಮುಗುಳ್ನಗೆ’ ಎನ್ನುತ್ತೇವಲ್ಲ, ಈ ‘ಮುಗುಳ್’ ಎಲ್ಲಿಂದ ಬಂತು? (ಓದುಗರೊಬ್ಬರು, ಯಡ್ತರೆ, ಬೈಂದೂರು)

ಹಳಗನ್ನಡದಲ್ಲಿ ಮುಗುಳ್ ಎಂದರೆ ಮೊಗ್ಗು. ನಿಮ್ಮ ಬೈಂದೂರಿನ ಪಕ್ಕದ ಭಟ್ಕಳದ ಮಲ್ಲಿಗೆಯನ್ನೇ ನೋಡಿ. ಅರಳುವ ಮುನ್ನ ಎಸಳು ಸುತ್ತಿಕೊಂಡೇ ಇರುತ್ತದೆ, ತುದಿ ಮಾತ್ರ ತುಸು ಸಡಿಲ. ಈ ನಗೆಯೂ ಹಾಗೆ: ತುಟಿ ಬಿಚ್ಚುವುದಿಲ್ಲ, ಹಲ್ಲು ಕಾಣುವುದಿಲ್ಲ, ಕೆನ್ನೆಯ ಸ್ನಾಯು ಬಾಯಿಯ ಕೊನೆಗಳನ್ನು ಒಂಚೂರು ಮೇಲಕ್ಕೆಳೆಯುತ್ತದೆ, ಅಷ್ಟೆ. ಹಲ್ಲು ಕಿಸಿದರೆ ಈ ಹೆಸರು ಸಲ್ಲದು! ತಮಿಳಿನ ‘ಮುಗಿಳ್‌ನಗೈ’ ಕೂಡ ಇದರ ಒಡಹುಟ್ಟೇ.

ಹಳಗನ್ನಡದ ಎಷ್ಟೋ ಪದಗಳ ಕೊನೆಯ ವ್ಯಂಜನಕ್ಕೆ ಮುಂದೆ ಉಕಾರ ಸೇರಿತು. ಕಣ್ ಹೋಗಿ ಕಣ್ಣು, ಮುಗುಳ್ ಹೋಗಿ ಮುಗುಳು. ಸಮಾಸದೊಳಗೆ ಸಿಕ್ಕಿಕೊಂಡ ‘ಳ್’ ಮಾತ್ರ ಹಾಗೇ ಉಳಿಯಿತು, ‘ಕಣ್ಮರೆ’ಯಲ್ಲಿ ಕಣ್ ಉಳಿದಂತೆ.